ಕಾಡಂಚಿನ ಅಂಗಳಕ್ಕೆ ಯಾವ ಹೂಮರ?

ಹೆಗ್ಗಡದೇವನಕೋಟೆಯಿಂದ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ ಅಂತರಸಂತೆ ದಾಟಿದರೆ ಹೊಲ ಮುಗಿದು ಕಾಡು ಶುರುವಾಗಲು ಹೆಚ್ಚು ಹೊತ್ತು ಬೇಕಿಲ್ಲ. ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೆ ಈ ಊರಿನದೇ ಹೆಸರು. ಮುಂದೆ ಕಾಕನಕೋಟೆ, ಡಿ.ಬಿ. ಕುಪ್ಪೆ, ಬಾವಲಿ, ಅದರಾಚೆ ಕೇರಳದ ವಯನಾಡು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದ ಮೇಲೆ ಹಿನ್ನೀರು ಈ ಸೀಮೆಯ ರೂಪವನ್ನೇ ಬದಲಿಸಿತು. ರಾಗಿ, ಹತ್ತಿ, ಹೊಗೆಸೊಪ್ಪು, ಶುಂಠಿ ಬೆಳೆಯುವ ನೆಲದ ನಡುವೆ ಈಗ ರೆಸಾರ್ಟುಗಳಿವೆ, ತೋಟದ ಮನೆಗಳಿವೆ, ಹೊಸದಾಗಿ ಮನೆ ಕಟ್ಟಿಕೊಂಡವರ ಅಂಗಳಗಳಿವೆ. ಎಲ್ಲರಿಗೂ ಹೂ ಬೇಕು. ಕುಂಡದ ಹೂವಷ್ಟೇ ಸಾಲದು. ರಸ್ತೆಯಿಂದಲೇ ಕಾಣುವ, ಎಲೆಯೇ ತೋರದಂತೆ ಬಿರಿಯುವ ಉಷ್ಣವಲಯದ ದೊಡ್ಡ ಹೂಮರ ಬೇಕು.

ಸಸಿ ಮಾರುವವರ ಗೂಡ್ಸ್ ಗಾಡಿಯಲ್ಲಿ ಗುಲ್‌ಮೊಹರ್, ಜಕರಂದಾ, ಟಬೂಬಿಯ, ನೀರುಕಾಯಿ ಮರ ಸುಲಭವಾಗಿ ಸಿಗುತ್ತವೆ. ಮುತ್ತುಗ, ಕಕ್ಕೆ, ಬೂರುಗ ಸಿಗುವುದು ಅಪರೂಪ. ಇಲ್ಲಿಂದಲೇ ಪ್ರಶ್ನೆ ಹುಟ್ಟುತ್ತದೆ. ಹುಲಿಕಾಡಿಗೆ ಹತ್ತಿದ ಅಂಗಳದಲ್ಲಿ ಬೇರೆ ಖಂಡದ ಹೂಮರ ನೆಡಬಹುದೇ? ನೆಟ್ಟರೆ ಯಾವುದನ್ನು, ಬಿಟ್ಟರೆ ಯಾವುದನ್ನು? ಸಸ್ಯಶಾಸ್ತ್ರಜ್ಞರು, ಅರಣ್ಯಾಧಿಕಾರಿಗಳು, ತೋಟಗಾರರು, ಕಾಡಿನಲ್ಲೇ ಹುಟ್ಟಿ ಬೆಳೆದವರು ಇದಕ್ಕೆ ಒಂದೇ ಉತ್ತರ ಕೊಡುವುದಿಲ್ಲ.

ಲಾಲ್‌ಬಾಗಿನಿಂದ ಹಿತ್ತಿಲಿಗೆ

ಹಳೆಯ ಮೈಸೂರು ಸೀಮೆಗೆ ಹೊರನಾಡಿನ ಹೂಮರಗಳು ಬಂದ ದೊಡ್ಡ ಬಾಗಿಲು ಬೆಂಗಳೂರಿನ ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಆರಂಭಿಸಿದ, ಟಿಪ್ಪು ಬೆಳೆಸಿದ ಆ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಲ್ಲಿ ಬಂದ ಜಾನ್ ಕ್ಯಾಮರಾನ್ ಮೂರು ದಶಕಕ್ಕೂ ಹೆಚ್ಚು ಕಾಲ ಹೊರಗಿನ ಗಿಡಗಳನ್ನು ತರಿಸಿ ಇಲ್ಲಿನ ಹವೆಗೆ ಒಗ್ಗಿಸಿದರು. ಅವರ ನಂತರದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಜರ್ಮನಿಯ ಡ್ರೆಸ್ಡೆನ್ ಬಳಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡದ ಮೂಲಕ ಮೈಸೂರು ಸಂಸ್ಥಾನಕ್ಕೆ ಬಂದವರು. 1932ರಲ್ಲಿ ನಿವೃತ್ತರಾದರೂ ಇಲ್ಲೇ ಉಳಿದು 1956ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಕನ್ನಂಬಾಡಿಯ ಬೃಂದಾವನದ ವಿನ್ಯಾಸದಲ್ಲೂ ಅವರ ಕೈ ಇತ್ತು.

ಕ್ರುಂಬಿಗಲ್ ಬಿಟ್ಟುಹೋದ ದೊಡ್ಡ ಆಸ್ತಿಯೆಂದರೆ ಸರದಿ ಹೂವಿನ ಯೋಜನೆ. ವರ್ಷದ ಯಾವ ತಿಂಗಳಲ್ಲೂ ಊರಿನ ಯಾವುದಾದರೂ ರಸ್ತೆ ಹೂತಿರಬೇಕು. ಒಂದು ಜಾತಿ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು. ಅದಕ್ಕಾಗಿ ಅವರು ದೇಶದ ಮರ, ಹೊರದೇಶದ ಮರ ಎಂದು ಗೆರೆ ಎಳೆಯಲಿಲ್ಲ. ಮಡಗಾಸ್ಕರಿನ ಗುಲ್‌ಮೊಹರ್ ಪಕ್ಕದಲ್ಲಿ ನಮ್ಮ ಹೊಳೆದಾಸವಾಳಕ್ಕೂ ಜಾಗವಿತ್ತು. ಮರಿಗೌಡರಂಥ ಮುಂದಿನ ತೋಟಗಾರಿಕೆ ನಿರ್ದೇಶಕರ ಕಾಲದಲ್ಲಿ ಸಸ್ಯಕ್ಷೇತ್ರಗಳು ಜಿಲ್ಲೆ ತಾಲ್ಲೂಕುಗಳಿಗೂ ಹಬ್ಬಿದವು. ರಾಜಧಾನಿಯ ರಸ್ತೆಗೆಂದು ಹುಟ್ಟಿದ ಅಭಿರುಚಿ ಹಾಗೆ ಹಳ್ಳಿಯ ಹಿತ್ತಿಲಿಗೂ ಬಂತು.

ಬೆಂಗಳೂರಿನ ರಸ್ತೆಯಲ್ಲಿ ಉದುರಿದ ಬೀಜ ಡಾಂಬರಿನ ಮೇಲೆ ಬೀಳುತ್ತದೆ. ಅಂತರಸಂತೆಯ ಅಂಗಳದಲ್ಲಿ ಉದುರಿದ್ದು ಗಾಳಿಗೋ ಹಳ್ಳದ ನೀರಿಗೋ ಸಿಕ್ಕರೆ ಮಳೆಗಾಲ ಮುಗಿಯುವುದರೊಳಗೆ ಕಾಡು ಸೇರಿರುತ್ತದೆ. ಈ ದೂರದ ಲೆಕ್ಕ ಹಳೆಯ ಯೋಜನೆಯಲ್ಲಿ ಇರಲಿಲ್ಲ. ಆ ಕಾಲಕ್ಕೆ ಅದನ್ನು ಯಾರೂ ಕೇಳಿರಲೂ ಇಲ್ಲ.

ಗಡಿ ದಾಟಿದ ಹಳದಿ

ಸೆನ್ನಾ ಸ್ಪೆಕ್ಟಾಬಿಲಿಸ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಇಡೀ ಚರ್ಚೆಗೆ ಇಲ್ಲಿ ಜೀವ ಬಂದದ್ದೇ ಅದರಿಂದ. ಉಷ್ಣವಲಯದ ಅಮೆರಿಕದ ಮರ. ನಮ್ಮ ಕಕ್ಕೆಯ ದೂರದ ನೆಂಟ. ಹೂ ಅಪ್ಪಟ ಹಳದಿ. ಕಕ್ಕೆಯ ಗೊಂಚಲು ಕೆಳಕ್ಕೆ ಜೋತಾಡಿದರೆ ಇದರದು ಕೊಂಬೆಯ ತುದಿಯಲ್ಲಿ ಮೇಲ್ಮುಖವಾಗಿ ನಿಲ್ಲುತ್ತದೆ. ನೆರಳು ಚೆನ್ನ, ಬೆಳವಣಿಗೆ ಬಿರುಸು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯಡಿ ವಯನಾಡಿನಲ್ಲಿ ನೆರಳಿಗೂ ಅಂದಕ್ಕೂ ಇದನ್ನು ನೆಟ್ಟರು. ನೆಟ್ಟವರದು ಒಳ್ಳೆಯ ಉದ್ದೇಶವೇ.

ಮುಂದಿನ ನಾಲ್ಕು ದಶಕಗಳಲ್ಲಿ ಆದದ್ದು ಯಾರೂ ಎಣಿಸದ್ದು. 344 ಚದರ ಕಿಲೋಮೀಟರಿನ ವಯನಾಡು ಅಭಯಾರಣ್ಯದಲ್ಲಿ ನೂರಕ್ಕೂ ಹೆಚ್ಚು ಚದರ ಕಿಲೋಮೀಟರಿಗೆ ಇದು ಹರಡಿದೆ ಎಂದು ಈಚಿನ ಸಮೀಕ್ಷೆಗಳು ಹೇಳಿವೆ. ಕಾಡಿಗೆ ರಾಜ್ಯದ ಗಡಿ ಇಲ್ಲ. ಮುತ್ತಂಗ ಬಂಡೀಪುರಕ್ಕೂ ತೋಲ್ಪೆಟ್ಟಿ ನಾಗರಹೊಳೆಗೂ ಅಂಟಿಕೊಂಡಿವೆ. ಮರ ಈ ಕಡೆಗೂ ಬಂತು, ಮುದುಮಲೆಗೂ ಹೋಯಿತು. ಒತ್ತಾಗಿ ಬೆಳೆದ ಸೆನ್ನಾದ ಕೆಳಗೆ ಹುಲ್ಲು ಬಾರದು, ಬೇರೆ ಸಸಿ ಏಳದು. ಹುಲ್ಲಿಲ್ಲದ ಕಡೆ ಜಿಂಕೆ, ಕಾಟಿ ನಿಲ್ಲುವುದಿಲ್ಲ.

ಕಡಿದರೆ ಹೋಗುವ ಮರವಲ್ಲ ಇದು. ಕಡಿದ ಬುಡದಿಂದ ಹತ್ತಾರು ಚಿಗುರು ಏಳುತ್ತದೆ, ಒಂದಿದ್ದದ್ದು ಪೊದೆಯಾಗುತ್ತದೆ. ಬುಡದಿಂದ ಎದೆಯೆತ್ತರಕ್ಕೆ ಸುತ್ತಲೂ ತೊಗಟೆ ಸುಲಿದು, ನಿಂತಲ್ಲೇ ಒಣಗಿಸುವುದು ಒಂದು ವಿಧಾನ. ಎಳೆಯ ಸಸಿಗಳನ್ನು ಮಳೆಯಲ್ಲಿ ನೆಲ ಮೆದುವಾದಾಗ ಬೇರು ಸಮೇತ ಕೀಳಬೇಕು. ಮಣ್ಣಿನಲ್ಲಿ ಉಳಿದ ಬೀಜ ಮುಂದಿನ ಮಳೆಗೆ ಮತ್ತೆ ಮೊಳೆಯುವುದರಿಂದ ವರ್ಷ ವರ್ಷವೂ ಅದೇ ಜಾಗಕ್ಕೆ ಮರಳಬೇಕು. ಕೇರಳ, ತಮಿಳುನಾಡುಗಳಲ್ಲಿ ಸರ್ಕಾರಿ ಸ್ವಾಮ್ಯದ ಕಾಗದ ಕಾರ್ಖಾನೆಗಳಿಗೆ ತಿರುಳಿಗಾಗಿ ಈ ಮರವನ್ನು ಕೊಡುವ ಏರ್ಪಾಡು ನಡೆದಿದೆ. ಟಾಂಜಾನಿಯಾದ ಮಹಾಲೆ ಬೆಟ್ಟಗಳಲ್ಲೂ ಇದೇ ಮರ ಅಲಂಕಾರಕ್ಕೆಂದು ಹೋಗಿ ಚಿಂಪಾಂಜಿಗಳ ಕಾಡನ್ನು ಆವರಿಸಿತು. ಅಲ್ಲಿಯೂ ತೊಗಟೆ ಸುಲಿಯುವ ಪ್ರಯೋಗವನ್ನೇ ಮಾಡಿದರು.

ಇದಕ್ಕೂ ಹಿಂದಿನ ಪಾಠ ಲಂಟಾನ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದದ ಬೇಲಿಗಿಡವಾಗಿ ಬಂದದ್ದು ಇಂದು ಬಂಡೀಪುರ, ನಾಗರಹೊಳೆಗಳ ನೆಲಮಟ್ಟವನ್ನೇ ಹಿಡಿದಿದೆ. ದೇಶದ ಹುಲಿ ನೆಲೆಗಳಲ್ಲಿ ಸುಮಾರು 1.54 ಲಕ್ಷ ಚದರ ಕಿಲೋಮೀಟರ್, ಅಂದರೆ ಶೇಕಡಾ 40ಕ್ಕೂ ಹೆಚ್ಚು ಭಾಗ ಅದರ ಬಾಯಿಗೆ ಬಿದ್ದಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಎರಡೂ ತೋಟದ ಗಿಡಗಳೇ. ಎರಡನ್ನೂ ತಂದದ್ದರಲ್ಲಿ ಅಂದದ ಆಸೆಯಿತ್ತು.

ಊರಿನ ಮರವೇ ಊರಿಗೆ ಎನ್ನುವವರು

ಮೊದಲ ಪಂಥದ ಮಾತು ನೇರ. ಕಾಡಂಚಿನಲ್ಲಿ ಆ ಕಾಡಿನದೇ ಮರ ಇರಲಿ. ಇದರ ಹಿಂದಿನ ವಿಜ್ಞಾನಕ್ಕೆ ಬ್ರಿಟನ್ನಿನ ಚಾರ್ಲ್ಸ್ ಎಲ್ಟನ್ 1958ರಲ್ಲಿ ಬರೆದ ಪುಸ್ತಕ ಬುನಾದಿ. ಹೊರಗಿನಿಂದ ಬಂದ ಜೀವಿಗೆ ತನ್ನ ನೆಲದಲ್ಲಿದ್ದ ಹುಳ, ರೋಗ, ಪೈಪೋಟಿ ಇಲ್ಲಿರುವುದಿಲ್ಲ. ಆದ್ದರಿಂದ ಅದು ಅಂಕೆ ಮೀರಬಲ್ಲದು. 1992ರ ಜೀವವೈವಿಧ್ಯ ಒಪ್ಪಂದವೂ ಸ್ಥಳೀಯ ಜೀವಿಗಳಿಗೆ ಕುತ್ತು ತರುವ ಹೊರಗಿನವನ್ನು ತಡೆಯುವ ಹೊಣೆಯನ್ನು ದೇಶಗಳ ಮೇಲೆ ಹೊರಿಸಿತು. 2023ರ ಜಾಗತಿಕ ವರದಿಯ ಪ್ರಕಾರ ಮನುಷ್ಯರಿಂದ ಹೊಸ ನೆಲೆ ಸೇರಿದ ಜೀವಿಗಳು 37,000ಕ್ಕೂ ಹೆಚ್ಚು. ಅವುಗಳಲ್ಲಿ ಹಾನಿಕರವಾದವು 3,500ಕ್ಕೂ ಹೆಚ್ಚು.

ಈ ಪಂಥಕ್ಕೆ ಅಂತರಸಂತೆಯ ಸುತ್ತಲಿನ ಕಾಡೇ ಸಾಕ್ಷಿ. ಮಾಘ, ಫಾಲ್ಗುಣದಲ್ಲಿ ಎಲೆಯೆಲ್ಲ ಉದುರಿಸಿ ನಿಲ್ಲುವ ಮುತ್ತುಗಕ್ಕೆ ಸೂರಕ್ಕಿ, ಮೈನಾ, ಗಿಳಿ ಮುಗಿಬೀಳುತ್ತವೆ. ಅದೇ ಹೊತ್ತಿಗೆ ಬೂರುಗದ ಕೆಂಪು ಬಟ್ಟಲುಗಳು ತೆರೆಯುತ್ತವೆ. ಬೇಸಗೆ ಏರಿದಂತೆ ಕಕ್ಕೆ, ಹೊಳೆದಂಡೆಯಲ್ಲಿ ಹೊಳೆದಾಸವಾಳ, ಹೊಲದಂಚಿನಲ್ಲಿ ಹೊಂಗೆ. ಮುತ್ತುಗದ ಎಲೆ ಊಟದ ಎಲೆಯಾಯಿತು, ಹೊಂಗೆಯ ಬೀಜ ದೀಪದೆಣ್ಣೆಯಾಯಿತು, ಬೂರುಗ ದಿಂಬಿನ ಅರಳೆ ಕೊಟ್ಟಿತು. ಹೆಜ್ಜೇನು ಕಟ್ಟುವ ಮರಗಳನ್ನು ತಲೆಮಾರುಗಳಿಂದ ಬಲ್ಲ ಜೇನುಕುರುಬರ ಹಾಡಿಗಳು ಇಲ್ಲಿವೆ. ಅವರಿಗೆ ಯಾವ ಮರ ಯಾವಾಗ ಹೂ ಬಿಡುತ್ತದೆ ಎಂಬುದು ಜೀವನದ ಲೆಕ್ಕ.

ಹೊರಗಿನ ಮರದ ಬಗ್ಗೆ ಈ ಪಂಥ ಎತ್ತುವ ಒಂದು ನಿರ್ದಿಷ್ಟ ಆತಂಕ ನೀರುಕಾಯಿ ಮರದ್ದು. ಪಶ್ಚಿಮ ಆಫ್ರಿಕದ ಈ ಸ್ಪಾಥೋಡಿಯ ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಅದರ ಹೂವಿನ ಬಟ್ಟಲಲ್ಲಿ ಮುಳ್ಳಿಲ್ಲದ ಜೇನುನೊಣಗಳು ಸತ್ತು ಬಿದ್ದದ್ದನ್ನು ಬ್ರೆಜಿಲ್‌ನಲ್ಲಿ ಗಮನಿಸಿದ ಮೇಲೆ ಅಲ್ಲಿನ ಸಾಂತಾ ಕತರಿನಾ ರಾಜ್ಯ 2019ರಲ್ಲಿ ಈ ಮರ ನೆಡುವುದನ್ನೇ ನಿಷೇಧಿಸಿತು. ಜೇನನ್ನು ನಂಬಿದ ಹಾಡಿಗಳ ಪಕ್ಕದಲ್ಲಿ ಇದು ಸಣ್ಣ ಮಾತಲ್ಲ.

ಈ ಪಂಥ ವಿವರಿಸಲಾರದ್ದೂ ಇದೆ. ಹೊರಗಿನಿಂದ ಬಂದ ಗಿಡಗಳಲ್ಲಿ ಬಹುಪಾಲು ಏಕೆ ತೆಪ್ಪಗಿವೆ?

ಹುಟ್ಟೂರು ಬಿಡಿ, ನಡತೆ ನೋಡಿ ಎನ್ನುವವರು

ದೇವಸ್ಥಾನದ ಅಂಗಳದಲ್ಲಿ ದೇವಕಣಗಿಲೆ ಇಲ್ಲದ ಊರು ನಮ್ಮಲ್ಲಿ ಕಡಿಮೆ. ಅದು ಮಧ್ಯ ಅಮೆರಿಕದ ಕಡೆಯದು. ಹೆಡೆಯೆತ್ತಿದ ಸರ್ಪದ ಕೆಳಗೆ ಲಿಂಗವಿರುವಂತೆ ಕಾಣುವ ನಾಗಲಿಂಗ ಪುಷ್ಪವನ್ನು ಶಿವನಿಗೆ ಏರಿಸುತ್ತೇವೆ. ಆ ಮರ ದಕ್ಷಿಣ ಅಮೆರಿಕದ್ದು. ಆಯುಧಪೂಜೆಗೆ ಬೇಕೇ ಬೇಕಾದ ಚೆಂಡುಹೂವು ಮೆಕ್ಸಿಕೊದ್ದು. ಬಿ.ಜಿ.ಎಲ್. ಸ್ವಾಮಿ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಬರೆದು ಮೆಣಸಿನಕಾಯಿಯಿಂದ ಆಲೂಗಡ್ಡೆಯವರೆಗೆ ನಮ್ಮ ಅಡುಗೆಮನೆಯ ಹೊರನಾಡಿನ ಮೂಲವನ್ನು ತೋರಿಸಿಕೊಟ್ಟರು. ದೇವರ ತಲೆಯ ಮೇಲಿನ ಹೂವಿಗೂ ಆ ಮಾತು ಸಲ್ಲುತ್ತದೆ.

2011ರಲ್ಲಿ ಮಾರ್ಕ್ ಡೇವಿಸ್ ಮತ್ತು ಅವರ 18 ಸಹವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಇದೇ ನಿಲುವನ್ನು ಮಂಡಿಸಿದರು: ಜೀವಿಯನ್ನು ಅದರ ಮೂಲದಿಂದ ಅಳೆಯಬೇಡಿ, ಅದು ಮಾಡುವ ಪರಿಣಾಮದಿಂದ ಅಳೆಯಿರಿ. ಡೇನಿಯಲ್ ಸಿಂಬರ್ಲಾಫ್ ಮೊದಲಾದ ನೂರಕ್ಕೂ ಹೆಚ್ಚು ವಿಜ್ಞಾನಿಗಳು ತಕ್ಷಣ ಉತ್ತರ ಬರೆದರು. ಪರಿಣಾಮ ಕಣ್ಣಿಗೆ ಕಾಣುವ ಹೊತ್ತಿಗೆ ತಡೆಯುವ ಕಾಲ ಮೀರಿರುತ್ತದೆ, ಹಾಗಾಗಿ ಮುನ್ನೆಚ್ಚರಿಕೆಯೇ ದಾರಿ ಎಂಬುದು ಅವರ ವಾದ. ಈ ವಾಗ್ವಾದ ಇನ್ನೂ ತಣ್ಣಗಾಗಿಲ್ಲ.

ಎರಡೂ ಕಡೆಗೆ ಅಂಕಿಗಳಿವೆ. ಮಾರ್ಕ್ ವಿಲಿಯಮ್ಸನ್ ಮುಂದಿಟ್ಟ ಹತ್ತರ ನಿಯಮದಂತೆ ಹೊರಗಿನಿಂದ ತಂದವುಗಳಲ್ಲಿ ಹತ್ತರಲ್ಲೊಂದು ತೋಟದಿಂದ ತಪ್ಪಿಸಿಕೊಳ್ಳುತ್ತದೆ, ಹಾಗೆ ತಪ್ಪಿಸಿಕೊಂಡವುಗಳಲ್ಲಿ ಹತ್ತರಲ್ಲೊಂದು ನೆಲೆಯೂರುತ್ತದೆ, ನೆಲೆಯೂರಿದವುಗಳಲ್ಲಿ ಹತ್ತರಲ್ಲೊಂದು ಪೀಡೆಯಾಗುತ್ತದೆ. ಹೀಗಿದ್ದರೆ ಭಯ ಕಡಿಮೆ. ಆದರೆ ಜರ್ಮನಿಯ ಬ್ರಾಂಡೆನ್‌ಬುರ್ಗ್‌ನಲ್ಲಿ ಇಂಗೊ ಕೊವಾರಿಕ್ ಹಳೆಯ ದಾಖಲೆ ಹುಡುಕಿ ಕಂಡದ್ದು ಬೇರೆ: ಹೊರಗಿನ ಮರವೊಂದನ್ನು ಮೊದಲು ನೆಟ್ಟ ಮೇಲೆ ಅದು ತಾನಾಗಿ ಹರಡಲು ಸರಾಸರಿ 170 ವರ್ಷ ಹಿಡಿದಿತ್ತು. ಸೆನ್ನಾಕ್ಕೆ ನಮ್ಮಲ್ಲಿ ನಾಲ್ಕು ದಶಕ ಸಾಕಾಯಿತು. ಇನ್ನೊಂದು ಮರ ಇವತ್ತು ತೆಪ್ಪಗಿದೆ ಎಂದರೆ ಅದರ ಗುಣವೇ ತೆಪ್ಪಗೋ, ಗಡುವು ಇನ್ನೂ ಬಂದಿಲ್ಲವೋ?

ದಕ್ಷಿಣ ಆಫ್ರಿಕದ ಪ್ರಿಟೋರಿಯ ಜಕರಂದಾ ನಗರವೆಂದೇ ಹೆಸರುವಾಸಿ. ಅದೇ ದೇಶ ಜಕರಂದಾವನ್ನು ಆಕ್ರಮಣಕಾರಿ ಪಟ್ಟಿಗೂ ಸೇರಿಸಿದೆ. ನಗರದಲ್ಲಿರುವ ಹಳೆಯ ಮರಗಳಿಗೆ ರಿಯಾಯಿತಿ, ಹೊಳೆದಂಡೆಗೆ ಹಬ್ಬಿದವಕ್ಕೆ ಕೊಡಲಿ. ಒಂದೇ ಮರಕ್ಕೆ ಜಾಗ ನೋಡಿ ಎರಡು ನ್ಯಾಯ ಮಾಡಿದ್ದು ಸರಿಯೆಂದೇ ನನಗೆ ತೋರುತ್ತದೆ. ನಮ್ಮಲ್ಲಿ ಮೈಸೂರಿನ ರಸ್ತೆಗೂ ಮೇಟಿಕುಪ್ಪೆಯ ಕಾಡಂಚಿಗೂ ಸಸಿಪಟ್ಟಿ ಒಂದೇ ಆಗಬೇಕಿಲ್ಲ.

ತಪ್ಪು ಗಿಡದ್ದೇ, ಕಾಡಿನ ಸ್ಥಿತಿಯದೇ?

ಮೂರನೆಯ ದನಿಗೆ ನಮ್ಮ ಪತ್ರಿಕೆಗಳಲ್ಲಿ ಸಿಕ್ಕ ಜಾಗ ಕಡಿಮೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳುವುದು ಇದು: ಮೊದಲು ನಾವು ಬೇಸಗೆಯ ಆರಂಭದಲ್ಲೇ ತರಗುಬೆಂಕಿ ಹಾಕುತ್ತಿದ್ದೆವು, ಅದು ನೆಲದ ಮೇಲಿನ ಒಣಎಲೆಯನ್ನು ಮೆಲ್ಲಗೆ ಸುಟ್ಟು ಲಂಟಾನದ ಸಸಿಯನ್ನು ಎಳೆಯದಾಗಿರುವಾಗಲೇ ಕೊಲ್ಲುತ್ತಿತ್ತು. 1974ರಲ್ಲಿ ಅಭಯಾರಣ್ಯವಾದ ಮೇಲೆ ಬೆಂಕಿ ನಿಂತಿತು, ಲಂಟಾನ ಎದ್ದಿತು. ಏಟ್ರೀ ಸಂಸ್ಥೆಯ ಸಂಶೋಧಕರು ಈ ತಿಳಿವಳಿಕೆಯನ್ನು ದಾಖಲಿಸಿ 2012ರಲ್ಲಿ ಪ್ರಕಟಿಸಿದರು. ಹಾಗಾದರೆ ಪೀಡೆಯ ಬೇರು ಗಿಡದಲ್ಲಿ ಮಾತ್ರವಿಲ್ಲ, ಕಾಡನ್ನು ನೋಡಿಕೊಳ್ಳುವ ರೀತಿ ಬದಲಾದದ್ದರಲ್ಲೂ ಇದೆ.

ನಾಗರಹೊಳೆಯ ಅಂಚಿಗೆ ಈ ವಾದ ಒಪ್ಪುತ್ತದೆ. ತಲೆಮಾರಿಗೊಮ್ಮೆ ಒಟ್ಟಾಗಿ ಹೂಬಿಟ್ಟು ಸಾಯುವ ಹೆಬ್ಬಿದಿರು 2010ರ ಆಸುಪಾಸಿನಿಂದ ಈ ಕಾಡುಗಳಲ್ಲಿ ಒಣಗಿತು. ತೆರೆದ ನೆಲಕ್ಕೆ ಬಿಸಿಲು ಬಿತ್ತು, ಕಾದಿದ್ದ ಬೀಜ ಎದ್ದಿತು. ಹಳೆಯ ತೇಗದ ನೆಡುತೋಪುಗಳೂ ಒಂದೇ ಜಾತಿಯ, ಒಳಗೆ ಖಾಲಿಯಿರುವ ಕಾಡುಗಳೇ. ಲಂಟಾನವನ್ನು ಬುಡಸಮೇತ ತೆಗೆದ ಜಾಗದಲ್ಲಿ ಸ್ಥಳೀಯ ಹುಲ್ಲು ಹಿಡಿಸದಿದ್ದರೆ ಅಲ್ಲಿ ಏಳುವುದು ಕಮ್ಯುನಿಸ್ಟ್ ಗಿಡವೆಂಬ ಇನ್ನೊಂದು ಕಳೆಯೇ. ಹೊರಗಿನ ಮರವನ್ನು ಬೈದು ಕಡಿದರಷ್ಟೇ ಕೆಲಸ ಮುಗಿಯುವುದಿಲ್ಲ ಎಂಬುದು ಈ ಪಂಥದ ಗಟ್ಟಿ ಮಾತು.

ಅದರ ಮಿತಿಯೆಂದರೆ ತೋಟಗಾರನಿಗೆ ಇದು ಕೈಗೆಟಕುವ ಸಲಹೆ ಕೊಡುವುದಿಲ್ಲ. ಕಾಡಿನ ಬೆಂಕಿ ನನ್ನ ಕೈಯಲ್ಲಿಲ್ಲ. ನಾನು ನೆಡುವ ಸಸಿ ನನ್ನ ಕೈಯಲ್ಲಿದೆ.

ಅಂಗಳದ ಲೆಕ್ಕ

ಹಾಗಾದರೆ ನೆಡುವವರು ಏನು ನೋಡಬೇಕು? ನಾನು ಮೊದಲು ಕೇಳುವುದು ಬೀಜದ ಬಗ್ಗೆ. ನೀರುಕಾಯಿ, ಜಕರಂದಾ, ಟಬೂಬಿಯಗಳ ಬೀಜಕ್ಕೆ ಕಾಗದದಂಥ ರೆಕ್ಕೆಯಿದೆ. ನೀರುಕಾಯಿಯ ಒಂದು ಕಾಯಿಯಲ್ಲಿ ನೂರಾರು ಬೀಜ. ಕಾಡು ಕಣ್ಣಳತೆಯಲ್ಲಿರುವ ಕಡೆ ಇವು ಬೇಡ. ಸೆನ್ನಾ ಅಂತೂ ಬೇಡವೇ ಬೇಡ. ಕಕ್ಕೆಯೆಂದು ನಂಬಿಸಿ ಕೊಟ್ಟರೂ ಎಲೆ, ಗೊಂಚಲು ನೋಡಿ ತಿರಸ್ಕರಿಸಬೇಕು. ಗುಲ್‌ಮೊಹರಿನ ಕಟ್ಟಿಗೆಯಂಥ ಗಟ್ಟಿ ಕತ್ತಿಕಾಯಿ ಹೆಚ್ಚಾಗಿ ಬುಡದಲ್ಲೇ ಬೀಳುತ್ತದೆ, ಬೀಜ ದೂರ ಹೋಗುವುದು ಕಡಿಮೆ. ಅದರ ತೊಂದರೆ ಬೇರೆ: ಬೇರು ಮೇಲ್ಮಟ್ಟದ್ದು, ರೆಂಬೆ ಪೆಡಸು, ಮುಂಗಾರುಪೂರ್ವದ ಬಿರುಗಾಳಿಗೆ ಮುರಿದು ಬೀಳುತ್ತದೆ. ಹೆಂಚಿನ ಮನೆಯ ಪಕ್ಕಕ್ಕೆ ತಕ್ಕದ್ದಲ್ಲ.

ದೇವಕಣಗಿಲೆ ನಮ್ಮಲ್ಲಿ ಕಾಯಿ ಕಟ್ಟುವುದೇ ಅಪರೂಪ, ಕಡ್ಡಿ ನೆಟ್ಟು ಬೆಳೆಸುವಂಥದ್ದು. ಕಾಗದದ ಹೂವಿನ ಬಳ್ಳಿಯೂ ಹಾಗೆಯೇ. ಮುಳ್ಳಿನ ಬೇಲಿಯಾಗಿಯೂ ಒದಗುತ್ತದೆ, ಕಡಿಮೆ ನೀರೂ ಸಾಲುತ್ತದೆ. ಹೆಲಿಕೋನಿಯ ಗೆಡ್ಡೆಯಿಂದ ಹಬ್ಬುತ್ತದೆ, ಸೂರಕ್ಕಿ ಬರುತ್ತದೆ, ಆದರೆ ಮಳೆಯಿಲ್ಲದ ತಿಂಗಳುಗಳಲ್ಲಿ ಕೊಳವೆಬಾವಿಯ ನೀರು ಬೇಡುತ್ತದೆ. ಕಾಕನಕೋಟೆಯ ಮಳೆ ಬೇರೆ, ಅಂತರಸಂತೆಯ ಮಳೆ ಬೇರೆ. ಪಡುವಣಕ್ಕೆ ಸರಿದಂತೆ ಮಳೆ ಏರುತ್ತದೆ, ಈ ಕಡೆ ಕೆಂಪುಮಣ್ಣು ಬೇಸಗೆಗೆ ಬಿರಿಯುತ್ತದೆ.

ನಾಡಿನ ಮರಗಳನ್ನು ಬೆಳೆಸುವುದೂ ಸಸಾರವಲ್ಲ, ಅದನ್ನು ಬಚ್ಚಿಡಬಾರದು. ಮುತ್ತುಗದ ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ. ಕಾಯಿ ಬಲಿತ ಕೂಡಲೇ ಬಿತ್ತಬೇಕು. ತಾಯಿಬೇರು ಆಳಕ್ಕಿಳಿಯುವುದರಿಂದ ಚೀಲದಲ್ಲಿ ಹೆಚ್ಚು ದಿನ ಇಟ್ಟ ಸಸಿ ಸುಧಾರಿಸುವುದಿಲ್ಲ, ಜಾಗದಲ್ಲೇ ಬೀಜ ಊರುವುದು ಮೇಲು. ಕಕ್ಕೆಯ ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ. ಉಜ್ಜಿಯೋ ಬಿಸಿನೀರಲ್ಲಿ ನೆನೆಸಿಯೋ ಬಿತ್ತದಿದ್ದರೆ ಮೊಳಕೆ ಬಾರದು. ಗುಲ್‌ಮೊಹರ್ ನಾಲ್ಕೈದು ವರ್ಷಕ್ಕೆ ಹೂ ಕೊಟ್ಟರೆ ಇವು ಹೆಚ್ಚು ತಾಳ್ಮೆ ಕೇಳುತ್ತವೆ. ಬೀಜದ ಸಂಪಿಗೆಗೂ ವರ್ಷಗಟ್ಟಲೆ ಕಾಯಬೇಕು, ಕಸಿಯದಾದರೆ ಬೇಗ. ಹೊಳೆದಾಸವಾಳ ನಾಲೆಯ ಪಕ್ಕ, ಬಚ್ಚಲ ನೀರು ಹರಿಯುವ ಕಡೆ ಖುಷಿಯಾಗಿ ಬೆಳೆಯುತ್ತದೆ. ಸೀತಾಶೋಕ ನೆರಳು, ತಂಪು ಬಯಸುವ ಮರ, ಬಟ್ಟಬಯಲಿಗೆ ನೆಟ್ಟರೆ ಸೊರಗುತ್ತದೆ. ಬೂರುಗ ಮನೆಯಿಂದ ದೂರದ ಹೊಲದ ಮೂಲೆಗೆ ಸರಿ. ಬೇಲಿಗೆ ಅಗ್ನಿಶಿಖೆ ಹಬ್ಬಿಸಿದರೆ ಮಳೆಗಾಲದಲ್ಲಿ ಅದರ ಮುಂದೆ ಯಾವ ತಂದ ಹೂವೂ ನಿಲ್ಲದು. ಗೆಡ್ಡೆ ವಿಷ, ಮಕ್ಕಳ ಕೈಗೆ ಎಟಕದಿರಲಿ.

ಸರದಿ ಹೂವಿನ ಕ್ರುಂಬಿಗಲ್ ಕನಸನ್ನು ಬರಿಯ ನಾಡಿನ ಮರಗಳಿಂದ ಇಲ್ಲಿ ನನಸು ಮಾಡಬಹುದೇ? ಜನವರಿಯಿಂದ ಜೂನ್‌ವರೆಗೆ ಬೂರುಗ, ಮುತ್ತುಗ, ಹೊಂಗೆ, ಕಕ್ಕೆ, ಹೊಳೆದಾಸವಾಳ ಸಾಲಾಗಿ ಬರುತ್ತವೆ. ಮಳೆಗಾಲಕ್ಕೆ ಕದಂಬ, ಆಮೇಲೆ ಬಸವನಪಾದ. ಸಾಧ್ಯವಿದೆ ಎಂದೇ ನನ್ನ ನಂಬಿಕೆ. ಸಸಿ ಒದಗಿಸುವ ನರ್ಸರಿಗಳು ಬೇಕು.

ಇನ್ನೂ ಬಗೆಹರಿಯದವು

ನೀರುಕಾಯಿ ಹೂವಿನಲ್ಲಿ ಜೇನುನೊಣ ಸಾಯುವುದು ಮಕರಂದದ ವಿಷದಿಂದಲೋ, ಮೊಗ್ಗಿನ ಅಂಟುರಸದಿಂದಲೋ ಎಂಬ ಚರ್ಚೆ ಮುಗಿದಿಲ್ಲ. ಬ್ರೆಜಿಲ್‌ನ ನೊಣಗಳಿಗೆ ಕಂಡದ್ದನ್ನು ನಮ್ಮ ತುಡುವೆಗೂ ಹೆಜ್ಜೇನಿಗೂ ನೇರವಾಗಿ ಅನ್ವಯಿಸಬಹುದೇ ಎಂಬುದು ಅದಕ್ಕೆ ಅಂಟಿದ ಪ್ರಶ್ನೆ. ಟಬೂಬಿಯ ಬೆಂಗಳೂರಿನಲ್ಲಿ ಇಷ್ಟೊಂದು ಬೀಜ ಉದುರಿಸುತ್ತಿದ್ದರೂ ಕಾಡು ಸೇರಿದ ಸುದ್ದಿ ಕಡಿಮೆ. ಒಣ ಎಲೆಯುದುರುವ ಕಾಡಿನ ಅಂಚಿನಲ್ಲೂ ಅದು ಹಾಗೆಯೇ ಉಳಿಯುವುದೋ, ಕೊವಾರಿಕ್ ಕಂಡಂಥ ಗಡುವಿನೊಳಗೆ ಇದೆಯೋ ಎಂದು ಇಂದು ಅಳೆಯುವ ಉಪಾಯ ಯಾರ ಬಳಿಯೂ ಇಲ್ಲ.

ಸೆನ್ನಾವನ್ನು ಕಾಗದಕ್ಕೆ ಮಾರುವುದರ ಬಗ್ಗೆಯೂ ಎರಡು ಅಭಿಪ್ರಾಯಗಳಿವೆ. ಹಣ ಬಂದರೆ ತೆಗೆಯುವ ಕೆಲಸ ನಡೆಯುತ್ತದೆ ಎನ್ನುವವರಿದ್ದಾರೆ; ಲಾಭ ಕಂಡ ಗಿಡವನ್ನು ಪೂರ್ತಿ ತೆಗೆಯಲು ಯಾರಿಗೂ ಮನಸ್ಸು ಬಾರದು, ಯಂತ್ರ ಹೋದ ಕಡೆ ನೆಲ ಕದಡಿ ಬೀಜಕ್ಕೆ ಇನ್ನಷ್ಟು ಅನುಕೂಲವಾಗುತ್ತದೆ ಎನ್ನುವವರೂ ಇದ್ದಾರೆ. ತರಗುಬೆಂಕಿಯನ್ನು ಮತ್ತೆ ಹಾಕಲು ಬಿಡಬೇಕೆ ಎಂಬುದು ಇನ್ನೂ ಕಠಿಣ. ಲಂಟಾನ ಆಳೆತ್ತರ ಬೆಳೆದ ಮೇಲೆ ಅದೇ ಬೆಂಕಿ ನೆಲದಲ್ಲಿ ನಿಲ್ಲದೆ ಮರಕ್ಕೇರುತ್ತದೆ.

ಕಾನೂನಿನದು ಬೇರೆಯೇ ತೊಡಕು. 2017ರಲ್ಲಿ ಕರ್ನಾಟಕ ನೀಲಗಿರಿ ನೆಡುವುದನ್ನು ತಡೆಯಿತು. ಅದಕ್ಕೆ ಅಂತರ್ಜಲದ ಕಾರಣವಿತ್ತು, ನೆಡುವವರು ದೊಡ್ಡ ಪ್ರಮಾಣದವರು. ಒಂದು ಮನೆಯ ಮುಂದಿನ ಒಂದು ಹೂಮರಕ್ಕೆ ಸರ್ಕಾರ ಬೇಡವೆನ್ನಬಹುದೇ, ಅಂದರೆ ಕಾಡಿನಿಂದ ಎಷ್ಟು ದೂರದವರೆಗೆ ಅನ್ನಬೇಕು, ಈಗಾಗಲೇ ಬೆಳೆದು ನೆರಳು ಕೊಡುತ್ತಿರುವ ಮರವನ್ನು ಏನು ಮಾಡಬೇಕು? ಹಿನ್ನೀರಿನ ರೆಸಾರ್ಟಿನ ತೋಟಕ್ಕೂ ಹಾಡಿಯ ಮನೆಯಂಗಳಕ್ಕೂ ಒಂದೇ ನಿಯಮ ಮಾಡುವುದು ನ್ಯಾಯವೇ ಎಂಬುದನ್ನು ಅಂಥ ಕಾನೂನು ಬರೆಯುವವರು ಮೊದಲು ಹಾಡಿಯವರ ಎದುರು ಕೂತು ಕೇಳಬೇಕಾಗುತ್ತದೆ.